ಕೆಜಿಎಫ್ ಸೀಮೆಯಲ್ಲಿ ವಿಜ್ಞಾನದ ಭಾನುವಾರ

ತಾಯಿ: ವಿಜ್ಞಾನದ ಹುಚ್ಚಿರುವ ಮಕ್ಕಳನ್ನು ರಜಾ ದಿನ ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ಕೆಜಿಎಫ್‌ನಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಕೇಳಿದರೆ ಎಲ್ಲರೂ ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ. ಬೆಳಗಿನ ರೈಲು, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ರಾತ್ರಿ ವಾಪಸು. ಅದು ವರ್ಷಕ್ಕೆ ಒಂದೆರಡು ಸಲಕ್ಕೆ ಸರಿ. ಉಳಿದ ಭಾನುವಾರಗಳಿಗೆ ಏನು ಮಾಡಬೇಕು ಮೇಷ್ಟ್ರೇ?

ಮೇಷ್ಟ್ರು: ಉಳಿದ ಭಾನುವಾರಗಳಿಗೆ ಈ ನೆಲವೇ ಇದೆಯಲ್ಲ ಅಮ್ಮ. ಭೂಮಿಯನ್ನು ಮೂರು ಕಿಲೋಮೀಟರಿಗೂ ಹೆಚ್ಚು ಕೊರೆದು ಒಳಗೆ ಇಳಿದು ನೋಡಿದ ಜಾಗ ಭಾರತದಲ್ಲಿ ಬೇರೆ ಇಲ್ಲ. ಆದರೆ ಇಲ್ಲಿ ಟಿಕೆಟು, ಫಲಕ, ಗೈಡು ಇರುವ ಪ್ರದರ್ಶನವನ್ನು ಹುಡುಕಿಕೊಂಡು ಹೊರಟರೆ ನಿರಾಸೆಯಾಗುತ್ತದೆ. ಮಗು ತನ್ನ ಕೈಯಿಂದಲೇ ಅಳೆದು ನೋಡಬಹುದಾದ ಒಂದು ಪ್ರಶ್ನೆಯನ್ನು ಮನೆಯಲ್ಲೇ ಇಟ್ಟುಕೊಂಡು ಹೊರಡಬೇಕು. ಒಂದು ಭಾನುವಾರಕ್ಕೆ ಒಂದೇ ಪ್ರಶ್ನೆ ಸಾಕು.

ತಾಯಿ: ಅಳೆಯಲು ಸಾಮಾನು ಬೇಕಲ್ಲ?

ಮೇಷ್ಟ್ರು: ಅಡುಗೆ ಮನೆಯ ಡಿಜಿಟಲ್ ತಕ್ಕಡಿ, ದಾರ, ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಟೇಪು, ಸೆಕೆಂಡು ತೋರಿಸುವ ಗಡಿಯಾರ. ಇವಿಷ್ಟರಲ್ಲಿ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ತಾಯಿ: ಸರಿ, ಎಲ್ಲಿಂದ ಶುರು?

ಮೇಷ್ಟ್ರು: ಕಲ್ಲಿನಿಂದ. ಕಮ್ಮಸಂದ್ರದ ಕಡೆ ಪೆದ್ದಪಲ್ಲಿ ಎಂಬ ಊರಿದೆ. ಅಲ್ಲಿನ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಅಲ್ಲಿ ಕಾಣುವುದು ಜ್ವಾಲಾಮುಖಿ ಉಗುಳಿದ ಚೂರುಗಳು ಒಟ್ಟಿಗೆ ಅಂಟಿಕೊಂಡು ಆದ ಬಂಡೆ. ಹತ್ತಿರ ಹೋಗಿ ನೋಡಿದರೆ ಒಂದೇ ಬಂಡೆಯಲ್ಲಿ ಬೇರೆ ಬೇರೆ ಗಾತ್ರದ, ಬೇರೆ ಬೇರೆ ಜಾತಿಯ ಕಲ್ಲಿನ ತುಂಡುಗಳು ಹುದುಗಿರುತ್ತವೆ. ಸ್ಮಾರಕದ ಹೆಸರಿನಲ್ಲಿ ದಿಂಬು ಲಾವಾವೂ ಸೇರಿದೆ. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಕ್ಷಣ ತಣಿದು ಗಟ್ಟಿಯಾಗುತ್ತದೆ, ಒಳಗಿನ ಬಿಸಿ ರಸ ಅದನ್ನು ಸೀಳಿಕೊಂಡು ಮತ್ತೆ ಉಬ್ಬುತ್ತದೆ. ಹೀಗೆ ಒಂದರ ಮೇಲೊಂದು ದಿಂಬು ಪೇರಿಸಿದಂಥ ಆಕಾರ ಬರುತ್ತದೆ. ಅಂದರೆ ಈಗ ಕುಡಿಯುವ ನೀರಿಗೆ ಪರದಾಡುವ ಈ ಸೀಮೆ ಲಾವಾ ಉಕ್ಕಿದಾಗ ನೀರಿನಡಿ ಇತ್ತು.

ತಾಯಿ: ಎಷ್ಟು ವರ್ಷದ ಹಿಂದೆ?

ಮೇಷ್ಟ್ರು: ಈ ಬಂಡೆಗಳು ಸೇರಿರುವ ಕೋಲಾರದ ಶಿಸ್ಟ್ ಕಲ್ಲಿನ ಪಟ್ಟಿಗೆ ಸುಮಾರು 270 ಕೋಟಿ ವರ್ಷ. ಸಂಖ್ಯೆ ಹೇಳಿದರೆ ಮಕ್ಕಳ ತಲೆಗೆ ಇಳಿಯುವುದಿಲ್ಲ, ದೊಡ್ಡವರ ತಲೆಗೂ ಇಳಿಯುವುದಿಲ್ಲ. ನಡೆಸಿ ತೋರಿಸಬೇಕು. ಒಂದು ಹೆಜ್ಜೆಗೆ ಹತ್ತು ಲಕ್ಷ ವರ್ಷ ಎಂದು ಲೆಕ್ಕ ಇಟ್ಟುಕೊಂಡು ಬಂಡೆಯ ಹತ್ತಿರದಿಂದ ಹಿಂದಕ್ಕೆ ನಡೆದರೆ ಮೊದಲ ಹೆಜ್ಜೆಯ ಮೂರನೆಯ ಒಂದು ಭಾಗದೊಳಗೆ ಮನುಷ್ಯಕುಲದ ಕಾಲ ಮುಗಿದುಹೋಗುತ್ತದೆ. 66ನೇ ಹೆಜ್ಜೆಗೆ ಡೈನೋಸಾರ್‌ಗಳ ಕೊನೆ. ಬಂಡೆ ಹುಟ್ಟಿದ ಕಾಲ ಮುಟ್ಟಲು 2700 ಹೆಜ್ಜೆ, ಎಂದರೆ ಒಂದೂವರೆ ಎರಡು ಕಿಲೋಮೀಟರ್ ನಡೆಯಬೇಕು. ದಾರಿ ಉದ್ದಕ್ಕೂ ಸುಸ್ತಾಯಿತು ಎಂದು ಗೊಣಗುವುದೂ ಪಾಠದ ಭಾಗವೇ. ಒಂದು ಮಾತು: ಅಲ್ಲಿಗೆ ಸುತ್ತಿಗೆ ಒಯ್ಯಬಾರದು. ಸ್ಮಾರಕದ ಕಲ್ಲು ಒಡೆದು ತರುವುದು ತಪ್ಪು. ಫೋಟೋ ತೆಗೆಯುವಾಗ ಪಕ್ಕಕ್ಕೊಂದು ರೂಪಾಯಿ ನಾಣ್ಯ ಇಟ್ಟರೆ ತುಂಡುಗಳ ಅಳತೆ ಮನೆಗೆ ಬಂದ ಮೇಲೂ ಸಿಗುತ್ತದೆ.

ತಾಯಿ: ಆ ದಾರಿಯಲ್ಲೇ ಕೋಟಿಲಿಂಗೇಶ್ವರ ಬರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಅಲ್ಲಿ ನಿಲ್ಲಿಸದೆ ಬಿಡುವುದಿಲ್ಲ.

ಮೇಷ್ಟ್ರು: ನಿಲ್ಲಿಸಲಿ, ಒಳ್ಳೆಯದೇ. ಅಲ್ಲಿನ ದೊಡ್ಡ ಲಿಂಗ 108 ಅಡಿ ಎಂದು ಎಲ್ಲರಿಗೂ ಗೊತ್ತು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಅಳತೆ ಕಲಿಯುವವರಿಗೆ ವರ. ಕೋನಮಾಪಕದ ನೇರ ಅಂಚಿಗೆ ಜ್ಯೂಸ್ ಕುಡಿಯುವ ಕೊಳವೆ ಅಂಟಿಸಿ, ಮಧ್ಯದಿಂದ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ತೂಗುಬಿಡಬೇಕು. ಕೊಳವೆಯಲ್ಲಿ ಲಿಂಗದ ತುದಿ ನೋಡುತ್ತಾ ಹಿಂದೆ ಹಿಂದೆ ಸರಿದರೆ ಒಂದು ಕಡೆ ದಾರ 45 ಡಿಗ್ರಿಗೆ ಬರುತ್ತದೆ. ಅಲ್ಲಿಂದ ಲಿಂಗದ ಬುಡಕ್ಕೆ ಇರುವ ದೂರಕ್ಕೆ ಮಗುವಿನ ಕಣ್ಣಿನ ಎತ್ತರ ಕೂಡಿಸಿದರೆ ಲಿಂಗದ ಎತ್ತರ. ಐದಾರು ಅಡಿ ಹೆಚ್ಚು ಕಡಿಮೆ ಬಂದೇ ಬರುತ್ತದೆ. ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದೇ ಆ ದಿನದ ನಿಜವಾದ ಪಾಠ. ಆಮೇಲೆ ಅದೇ ಕೊಳವೆಯಿಂದ ಗಣಿ ಬಾಯಿಯ ಮೇಲಿನ ಗೋಪುರದ, ಎಂದರೆ ಹೆಡ್‌ಗೇರ್‌ನ ಎತ್ತರವನ್ನು ರಸ್ತೆಯಲ್ಲೇ ನಿಂತು ಅಳೆಯಬಹುದು.

ತಾಯಿ: ಗಣಿ ಎಂದಿರಿ. ಮಕ್ಕಳಿಗೆ ಬೇಕಾದದ್ದು ಅದೇ. ಕೆಜಿಎಫ್ ಸಿನಿಮಾ ಬಂದ ಮೇಲಂತೂ ಒಳಗೆ ಇಳಿಸಿ ಎಂದು ಹಟ ಮಾಡುತ್ತಾರೆ.

ಮೇಷ್ಟ್ರು: ಇಳಿಯಲು ಆಗುವುದಿಲ್ಲ, ಇಳಿಯಲೂ ಬಾರದು. 2001ರ ಫೆಬ್ರವರಿ ಕೊನೆಗೆ ಗಣಿ ಕೆಲಸ ನಿಂತಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲಿನ ಜಾಗ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯದು. ಅನುಮತಿ ಇಲ್ಲದೆ ಬೇಲಿ ದಾಟುವಂತಿಲ್ಲ. ಹಳೆಯ ಶಾಫ್ಟ್ ಬಾಯಿಗಳ ಹತ್ತಿರ ಸುಳಿಯುವುದು ಜೀವದ ಜೊತೆ ಆಟ. ಆದರೆ ಬಾಲಘಾಟ್, ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಮೈನ್ ಎಂದು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿದ್ದ ಗಣಿಗಳ ಗುರುತುಗಳನ್ನು ರಸ್ತೆಯಿಂದ, ಮಾರಿಕುಪ್ಪಂ ರೈಲಿನಿಂದ ನೋಡುತ್ತಾ ಹೋದರೆ ಒಂದು ಸಂಗತಿ ಹೊಳೆಯುತ್ತದೆ: ಎಲ್ಲವೂ ಒಂದೇ ಗೆರೆಯ ಮೇಲಿವೆ. ಕಪ್ಪು ಶಿಸ್ಟ್ ಕಲ್ಲಿನ ನಡುವೆ ಬಿಳಿ ಬೆಣಚುಕಲ್ಲಿನ ಪದರವೊಂದು ಉತ್ತರ ದಕ್ಷಿಣವಾಗಿ ಹಾದುಹೋಗಿದೆ, ಚಿನ್ನ ಇದ್ದದ್ದು ಅದರಲ್ಲಿ. ಗಣಿಗಳು ಆ ಗೆರೆಯನ್ನು ಹಿಂಬಾಲಿಸಿದವು, ಊರು ಗಣಿಗಳನ್ನು ಹಿಂಬಾಲಿಸಿತು. ಫೋನಿನ ನಕ್ಷೆಯಲ್ಲಿ ಮಕ್ಕಳೇ ಈ ಗೆರೆ ಎಳೆಯಬಹುದು.

ತಾಯಿ: ಒಳಗೆ ಹೇಗಿತ್ತು ಎಂದು ಕೇಳಿದರೆ?

ಮೇಷ್ಟ್ರು: ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ತಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟಿತ್ತು. ಇದಕ್ಕೆ ಅಡುಗೆ ಮನೆಯ ಪ್ರಶ್ನೆಯೊಂದಿದೆ: ಗಣಿಯ ತಳದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತಿತ್ತು? ಕೆಜಿಎಫ್ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಇಲ್ಲಿನ ಮನೆಗಳಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ, ಲ್ಯಾಬಿನ ಥರ್ಮಾಮೀಟರ್ ಸಿಕ್ಕರೆ ನೋಡಬಹುದು. ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ. ಅಲ್ಲಿ ಗಾಳಿ ದಟ್ಟ, ನೀರು ನೂರು ದಾಟಿದ ಮೇಲೆಯೇ ಕುದಿಯಬೇಕು. ಲೆಕ್ಕ ಹಾಕಿದರೆ 107ರ ಹತ್ತಿರ ಬರುತ್ತದೆ. ಪುಸ್ತಕದಲ್ಲಿ 100 ಎಂದಿರುವುದು ಸಮುದ್ರ ತೀರದವರ ಲೆಕ್ಕ.

ತಾಯಿ: ಗಣಿಯೊಳಗೆ ಏನೋ ದೊಡ್ಡ ಪ್ರಯೋಗ ನಡೆದಿತ್ತು ಎನ್ನುತ್ತಾರೆ. ಅದು ಚಿನ್ನಕ್ಕೆ ಸಂಬಂಧಪಟ್ಟದ್ದೇ?

ಮೇಷ್ಟ್ರು: ಚಿನ್ನಕ್ಕೂ ಅದಕ್ಕೂ ಸಂಬಂಧ ಇಲ್ಲ, ಆಳಕ್ಕೆ ಸಂಬಂಧ. ಈ ಊರಿನ ಮಕ್ಕಳು ಮೊದಲು ತಿಳಿಯಬೇಕಾದದ್ದು ಇದನ್ನೇ. ಆಕಾಶದಿಂದ ಕಾಸ್ಮಿಕ್ ಕಿರಣಗಳು ಸದಾ ಬೀಳುತ್ತಿರುತ್ತವೆ. ಅವು ಮೇಲಿನ ಗಾಳಿಗೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ, ಚಾಚಿದ ಅಂಗೈ ಮೂಲಕ ಸೆಕೆಂಡಿಗೆ ಒಂದರ ಲೆಕ್ಕದಲ್ಲಿ ಹಾದುಹೋಗುತ್ತಿರುತ್ತವೆ. ಅದೇ ಬಡಿತದಲ್ಲಿ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಅವು ಇಡೀ ಭೂಮಿಯನ್ನೇ ತೂರಿಕೊಂಡು ಹೋಗುತ್ತವೆ, ಹೆಚ್ಚುಕಡಿಮೆ ಯಾವುದಕ್ಕೂ ತಗಲುವುದಿಲ್ಲ. ಎಲ್ಲೋ ಒಂದು ಬಂಡೆಗೆ ತಗುಲಿ ಒಂದು ಮ್ಯೂಯಾನ್ ಹುಟ್ಟಿಸಿದರೆ ಮಾತ್ರ ಗೊತ್ತಾಗಬೇಕು. ನೆಲದ ಮೇಲೆ ಇದನ್ನು ಹುಡುಕುವುದು ಸಂತೆಯಲ್ಲಿ ಪಿಸುಮಾತು ಕೇಳಿದ ಹಾಗೆ. ಮಿಕ್ಕ ಮ್ಯೂಯಾನ್‌ಗಳ ಗದ್ದಲ ತಡೆಯಲು ಕಲ್ಲಿನ ಚಾವಣಿ ಬೇಕು.

ತಾಯಿ: ಅದಕ್ಕೆ ಗಣಿ.

ಮೇಷ್ಟ್ರು: ಅದಕ್ಕೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದಲೇ ಇಲ್ಲಿನ ಗಣಿಗಳಲ್ಲಿ ಬೇರೆ ಬೇರೆ ಆಳಕ್ಕೆ ಉಪಕರಣ ಇಳಿಸಿ ಮ್ಯೂಯಾನ್ ಎಣಿಸುತ್ತಿದ್ದರು. ಬಿ.ವಿ. ಶ್ರೀಕಂಠನ್ ಅವರಲ್ಲಿ ಮುಂಚೂಣಿಯವರು. ತೀರ ಆಳಕ್ಕೆ ಹೋದಾಗ ಎರಡು ತಿಂಗಳು ಕಾದರೂ ಒಂದೂ ಕಣ ದಾಖಲಾಗಲಿಲ್ಲ. ಬೇರೆಯವರಾದರೆ ಕೆಲಸ ಕೆಟ್ಟಿತು ಎಂದುಕೊಳ್ಳುತ್ತಿದ್ದರೇನೋ. ಇವರಿಗೆ ಆ ಸೊನ್ನೆಯೇ ದಾರಿ ತೋರಿಸಿತು: ಗದ್ದಲ ಅಷ್ಟು ಅಡಗಿರುವ ಕಡೆ ನ್ಯೂಟ್ರಿನೊ ಹುಡುಕಬಹುದು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ನಿಲ್ಲಿಸಿದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು 1965ರಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಸಿಕ್ಕಿತು. ಮೇಲಿಂದ ನೇರ ಇಳಿಯುವ ಮ್ಯೂಯಾನ್‌ಗಳನ್ನು ಕಲ್ಲು ತಡೆದಿದ್ದರಿಂದ ಅಡ್ಡಡ್ಡ ಬರುವವನ್ನೇ ಕಾಯಲು ಉಪಕರಣವನ್ನು ಗೋಡೆಯ ಹಾಗೆ ನಿಲ್ಲಿಸಿದ್ದರು. ಅಡ್ಡ ಬಂದದ್ದು ಅಷ್ಟು ಕಲ್ಲನ್ನು ದಾಟಿ ಬಂದಿರಲಾರದು, ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೊ ತಗುಲಿಯೇ ಹುಟ್ಟಿರಬೇಕು. ಇಷ್ಟು ಸರಳ ತರ್ಕ ಅದು.

ತಾಯಿ: ಕೇಳಲು ಚೆನ್ನಾಗಿದೆ. ಆದರೆ ಅಳೆಯಲು ಏನಿದೆ ಇದರಲ್ಲಿ?

ಮೇಷ್ಟ್ರು: ಕಲ್ಲಿನ ಸಾಂದ್ರತೆ. ರಸ್ತೆ ಬದಿಯಲ್ಲಿ ಬಿದ್ದಿರುವ ಕಪ್ಪು ಶಿಸ್ಟ್ ಕಲ್ಲು ಒಂದು, ಮನೆ ಕಟ್ಟುವ ಕಡೆಯ ಗ್ರಾನೈಟ್ ಜಲ್ಲಿ ಒಂದು. ಮೊದಲು ಕಲ್ಲನ್ನು ತಕ್ಕಡಿಯಲ್ಲಿ ತೂಗಬೇಕು. ಆಮೇಲೆ ಅರ್ಧಕ್ಕೆ ನೀರು ಹಾಕಿದ ಮಗ್ಗನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಬೇಕು. ಆಗ ತಕ್ಕಡಿ ತೋರಿಸುವ ಗ್ರಾಮೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ. ಗ್ರಾನೈಟಿಗೆ 2.7ರ ಹತ್ತಿರ ಬರುತ್ತದೆ, ಕೆಜಿಎಫ್ ಕಪ್ಪು ಕಲ್ಲಿಗೆ 3ರ ಹತ್ತಿರ. ಈ ಮೂರನ್ನು 2.3 ಕಿಲೋಮೀಟರಿಗೆ ಗುಣಿಸಿದರೆ ಸುಮಾರು ಏಳು ಕಿಲೋಮೀಟರ್ ಆಳದ ನೀರಿಗೆ ಸಮ. ಮಗು ಆ ಏಳನ್ನು ತಾನೇ ಲೆಕ್ಕ ಹಾಕಿದ ಮೇಲೆ, ಸಮುದ್ರದ ತಳದಲ್ಲೂ ಸುಲಭಕ್ಕೆ ಸಿಗದ ಮೌನ ಚಾಂಪಿಯನ್ ರೀಫ್ ಕೆಳಗೆ ಯಾಕೆ ಸಿಕ್ಕಿತು ಎಂದು ವಿವರಿಸಬೇಕಾಗಿಲ್ಲ.

ತಾಯಿ: ಸೈನೈಡ್ ಗುಡ್ಡ ಹತ್ತಿಸಬಹುದೇ? ಫೋಟೋಗೆ ಹತ್ತುವವರು ಬಹಳ.

ಮೇಷ್ಟ್ರು: ಬೇಡ. ಗಾಳಿ ಬೀಸಿದ ದಿನ ಅತ್ತ ತಲೆ ಹಾಕಲೂ ಬಾರದು. ಚಿನ್ನದ ಅದಿರನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ರಾಶಿ ಹಾಕಿದ್ದೇ ಈ ಗುಡ್ಡಗಳು. ಹದಿಮೂರು ರಾಶಿ, ಸುಮಾರು 3.3 ಕೋಟಿ ಟನ್. ಅದರಲ್ಲಿರುವುದು ಬಹುಪಾಲು ಬೆಣಚುಕಲ್ಲಿನಂಥ ಸಿಲಿಕಾ ಪುಡಿ. ಈ ಪುಡಿ ಪುಪ್ಪುಸದಲ್ಲಿ ಕೂತರೆ ಏನಾಗುತ್ತದೆ ಎಂದು ತಿಳಿಯಲು ಕೆಜಿಎಫ್‌ನ ಹಳೆಯ ಗಣಿ ಕಾರ್ಮಿಕರ ಮನೆಗಳಲ್ಲಿ ವಿಚಾರಿಸಿದರೆ ಸಾಕು. ದೂರದಿಂದ ಬೈನಾಕ್ಯುಲರ್ ಹಿಡಿದು ನೋಡಲು ಮಾತ್ರ ಅದು ಬಲು ಚೆನ್ನ. ಮಳೆ ನೀರು ಕೊರೆದ ಕೊರಕಲುಗಳು ಮೇಲೆ ಸಣ್ಣದಾಗಿ ಹುಟ್ಟಿ, ಕೆಳಗೆ ಬರುತ್ತಾ ಒಂದಕ್ಕೊಂದು ಸೇರಿ, ಬುಡದಲ್ಲಿ ಬೀಸಣಿಗೆಯಾಗಿ ಹರಡುತ್ತವೆ. ನದಿ ಲಕ್ಷಾಂತರ ವರ್ಷದಲ್ಲಿ ಮಾಡುವ ಕೆಲಸದ ಪುಟ್ಟ ಮಾದರಿ ಅದು. ಗಿಡ ಯಾಕೆ ಬೆಳೆಯುವುದಿಲ್ಲ ಎಂಬ ಪ್ರಶ್ನೆಯೂ ಮಕ್ಕಳಿಂದ ಬರುತ್ತದೆ. ಆ ಪುಡಿಯಲ್ಲಿ ಸಾವಯವ ಅಂಶ ಇಲ್ಲ, ಗಂಧಕದ ಖನಿಜಗಳು ಗಾಳಿ ನೀರಿನೊಂದಿಗೆ ಸೇರಿ ಆಮ್ಲವಾಗುತ್ತವೆ.

ತಾಯಿ: ಇಲ್ಲಿಗೆ ಕರೆಂಟು ಬೆಂಗಳೂರಿಗಿಂತ ಮುಂಚೆ ಬಂತು ಎಂಬುದು ನಿಜವೇ?

ಮೇಷ್ಟ್ರು: ನಿಜ. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಗಣಿಗೆ ಬಂತು, ಸುಮಾರು 147 ಕಿಲೋಮೀಟರ್ ತಂತಿ. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಅಷ್ಟು ದೂರ ಕಳಿಸಲು ಹೆಚ್ಚು ವೋಲ್ಟೇಜ್ ಬೇಕಾಯಿತು. ವೋಲ್ಟೇಜ್ ಎರಡು ಪಟ್ಟು ಮಾಡಿದರೆ ಅಷ್ಟೇ ಶಕ್ತಿಗೆ ಕರೆಂಟು ಅರ್ಧವಾಗುತ್ತದೆ, ತಂತಿ ಬಿಸಿಯಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಊರಾಚೆಯ ಟವರುಗಳಲ್ಲಿ ತೂಗುವ ಪಿಂಗಾಣಿ ಬಿಲ್ಲೆಗಳನ್ನು ಎಣಿಸಿ ವೋಲ್ಟೇಜ್ ಊಹಿಸುವ ಆಟ ಮಕ್ಕಳಿಗೆ ಹಿಡಿಸುತ್ತದೆ: 66 ಕಿಲೋವೋಲ್ಟಿಗೆ ಐದಾರು, 220ಕ್ಕೆ ಹದಿಮೂರು ಹದಿನಾಲ್ಕು. ಎಣಿಕೆ ರಸ್ತೆಯಿಂದಲೇ ಆಗಬೇಕು.

ತಾಯಿ: ರೈಲೇ ಸಾಕು ಎನ್ನುವ ಮಕ್ಕಳೂ ಇದ್ದಾರೆ.

ಮೇಷ್ಟ್ರು: ಬಂಗಾರಪೇಟೆ ಜಂಕ್ಷನ್ ಇರುವ ಸೀಮೆಯಲ್ಲಿ ಅದೇನು ತಪ್ಪು? ಬೆಂಗಳೂರು ದಾರಿಯಲ್ಲಿ ವಿದ್ಯುತ್ ಕಂಬಗಳಿಗೆ ಸಂಖ್ಯೆ ಬರೆದಿರುತ್ತಾರೆ, ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗಿನ ಕಂಬ. ಮೇಲಿನ ಸಂಖ್ಯೆ ಒಂದು ಸಲ ಬದಲಾದಾಗಿನಿಂದ ಮತ್ತೆ ಬದಲಾಗುವವರೆಗೆ ಎಷ್ಟು ಸೆಕೆಂಡು ಎಂದು ನೋಡಿ 3600ನ್ನು ಅದರಿಂದ ಭಾಗಿಸಿದರೆ ವೇಗ. ಟೇಕಲ್ ಹತ್ತಿರ ಬಂದಾಗ ಗಡಿಯಾರ ಬಿಟ್ಟು ಕಿಟಕಿಯಾಚೆ ನೋಡಬೇಕು. ಒಂದರ ಮೇಲೊಂದು ನಿಂತ ಗುಂಡು ಗ್ರಾನೈಟ್ ಬಂಡೆಗಳನ್ನು ಯಾರೂ ತಂದು ಇಟ್ಟದ್ದಲ್ಲ. ಬಿರುಕುಗಳಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ಸವೆಸುತ್ತದೆ, ಚೌಕದ ಬಂಡೆ ಗುಂಡಗಾಗುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಇದನ್ನೇ ಕೈಯಿಂದ ಮುಟ್ಟಿ ನೋಡಬಹುದು. ಬಂಗಾರಪೇಟೆಯಲ್ಲಿ ಇಳಿದ ಮೇಲೆ ಪಾನಿಪುರಿ ತಿನ್ನದೆ ಮನೆಗೆ ಹೋಗುವವರು ಕಡಿಮೆ. ಬೇರೆ ಊರಿನ ಹಸಿರು ಪಾನಿಯ ಹಾಗಲ್ಲದೆ ಇಲ್ಲಿನದು ತಿಳಿನೀರಿನಂತಿರುತ್ತದೆ. ಕೆಂಪು ದಾಸವಾಳದ ರಸ ಹಚ್ಚಿ ಒಣಗಿಸಿದ ಕಾಗದದ ಚೂರೊಂದು ಜೇಬಿನಲ್ಲಿದ್ದರೆ ಅದರ ಹುಳಿಯನ್ನು ನಾಲಿಗೆಯ ಸಹಾಯವಿಲ್ಲದೆ ಪರೀಕ್ಷಿಸಬಹುದು. ಆಮ್ಲ ತಗುಲಿದರೆ ಕಾಗದ ಗುಲಾಬಿ ಕೆಂಪಿಗೆ ತಿರುಗುತ್ತದೆ. ಪರೀಕ್ಷೆಗೆಂದು ಬೇರೆ ದೊನ್ನೆ ಕೇಳಿಕೊಳ್ಳುವುದು ಒಳ್ಳೆಯದು.

ತಾಯಿ: ಇದೆಲ್ಲ ಕಲ್ಲು, ಕಬ್ಬಿಣ. ಜೀವ ಇರುವುದು ಏನೂ ಇಲ್ಲವೇ?

ಮೇಷ್ಟ್ರು: ಕೋಲಾರ ಜಿಲ್ಲೆಯಲ್ಲಿದ್ದುಕೊಂಡು ರೇಷ್ಮೆ ಮರೆಯಬಹುದೇ? ಹುಳು ಸಾಕುವ ಪರಿಚಯದ ರೈತರೊಬ್ಬರು ಒಪ್ಪಿದರೆ ನಾಲ್ಕು ಭಾನುವಾರ ಒಂದೇ ಮನೆಗೆ ಹೋಗಬಹುದು. ಬೇರೆ ಯಾವ ತಿರುಗಾಟಕ್ಕಿಂತ ಇದು ಮೇಲು, ಏಕೆಂದರೆ ಇಲ್ಲಿ ಮಗು ಒಂದೇ ಜೀವವನ್ನು ಬೆಳೆಯುತ್ತಾ ನೋಡುತ್ತದೆ. ಮೊಟ್ಟೆ ಒಡೆದಾಗ ಹುಳು ಅರ್ಧ ಮಿಲಿಗ್ರಾಮೂ ಇರುವುದಿಲ್ಲ. ನಾಲ್ಕು ಜ್ವರ ದಾಟಿ, ಇಪ್ಪತ್ತೈದು ದಿನದ ಸುಮಾರಿಗೆ ನಾಲ್ಕೈದು ಗ್ರಾಮ್ ಆಗುತ್ತದೆ, ಎಂದರೆ ಹತ್ತು ಸಾವಿರ ಪಟ್ಟು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಮಲಗಿ ಹಳೆಯ ಚರ್ಮ ಕಳಚುವ ಕಾಲ. ಹತ್ತು ಹುಳುಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ ವಾರವಾರ ಬರೆದಿಟ್ಟರೆ ಸಿಗುವ ರೇಖೆ ಯಾವ ಪಠ್ಯಪುಸ್ತಕದಲ್ಲೂ ಅಷ್ಟು ಕಡಿದಾಗಿರುವುದಿಲ್ಲ. ಕೊನೆಯ ವಾರ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಡುವುದನ್ನು ನೋಡಬೇಕು. ಒಳ್ಳೆಯ ಗೂಡಿನಲ್ಲಿ ಒಂದೇ ಎಳೆ ಸಾವಿರ ಮೀಟರಿನಷ್ಟು ಇರುತ್ತದೆ. ಕೈಕಾಲು ತೊಳೆಯದೆ ಹುಳುಮನೆಗೆ ಕಾಲಿಡಬಾರದು, ಸೊಳ್ಳೆಬತ್ತಿ, ಸೆಂಟು, ತಂಬಾಕು ಹತ್ತಿರ ಸುಳಿಯಬಾರದು. ರೈತನ ಇಡೀ ಬೆಳೆ ಅದರ ಮೇಲೆ ನಿಂತಿರುತ್ತದೆ.

ತಾಯಿ: ಬೇತಮಂಗಲ ಕೆರೆ?

ಮೇಷ್ಟ್ರು: ಹಕ್ಕಿ ನೋಡಲು ಹೋಗಬಹುದು, ಚಳಿಗಾಲದ ಬೆಳಗ್ಗೆ. ಪಾಲಾರ್ ನದಿಗೆ ಅಡ್ಡ ಕಟ್ಟಿದ ಆ ಕೆರೆಯೇ ಗಣಿ ಊರಿಗೆ ನೀರು ಕೊಟ್ಟದ್ದು. ದಡದಿಂದ ಕೆಳಗೆ ಮಕ್ಕಳನ್ನು ಬಿಡಬಾರದು.

ತಾಯಿ: ಗುಹೆಗಳ ಬಾವಲಿ ಬಗ್ಗೆಯೂ ಕೇಳಿದ್ದುಂಟು.

ಮೇಷ್ಟ್ರು: ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯದು. ಕೋಲಾರದ ಎಲೆಮೂಗಿನ ಬಾವಲಿ ಲೋಕದಲ್ಲಿ ಬೇರೆಲ್ಲೂ ಉಳಿದಿರುವುದು ತಿಳಿದಿಲ್ಲ. ಉಳಿದಿರುವುದು ಬಲು ಕಡಿಮೆ. ಅದರ ಬಗ್ಗೆ ಓದಿ, ಚಿತ್ರ ಬರೆಸಿ, ಆ ಗುಹೆಗೆ ಮಾತ್ರ ಹೋಗಬೇಡಿ. ಮಲಗಿದ ಬಾವಲಿಯನ್ನು ಟಾರ್ಚು ಹಾಕಿ ಎಬ್ಬಿಸಿದರೆ ಅದಕ್ಕೆ ಹೊಟ್ಟೆಪಾಡಿನ ಶಕ್ತಿಯೇ ಹೋಗುತ್ತದೆ. ಹೋಗದೇ ಇರುವುದನ್ನು ಕಲಿಸುವುದೂ ವಿಜ್ಞಾನದ ಪಾಠದೊಳಗೇ ಬರುತ್ತದೆ.

ತಾಯಿ: ಬೆಂಗಳೂರಿಗೆ ಹೋದರೆ ಯಾವುದು ಮೊದಲು?

ಮೇಷ್ಟ್ರು: ಚಿಕ್ಕವರಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. 1962ರಲ್ಲಿ ತೆರೆದದ್ದು, ಕೈ ಹಾಕಿ ತಿರುಗಿಸುವ ಮಾದರಿಗಳು ಹೇರಳ. ಒಂದು ದಿನಕ್ಕೆ ಒಂದು ಮಹಡಿ ಸಾಕು, ಎಲ್ಲ ಮಹಡಿ ಓಡಿದ ಮಗುವಿಗೆ ಲಿಫ್ಟು ಮಾತ್ರ ನೆನಪಿರುತ್ತದೆ. ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡ ಪ್ರದರ್ಶನದ ವೇಳೆ ವಿಚಾರಿಸಿಕೊಂಡು ಹೋಗಬೇಕು. ಆದರೆ ನಿಜವಾದ ಆಕಾಶ ಬೇಕಾದರೆ ಬೆಂಗಳೂರಿಗೆ ಬೆನ್ನು ಹಾಕಿ ತಮಿಳುನಾಡಿನ ಕಡೆ ಇಳಿಯಬೇಕು. ವಾಣಿಯಂಬಾಡಿ, ಆಲಂಗಾಯಂ ದಾಟಿದರೆ ಜವ್ವಾದಿ ಬೆಟ್ಟದಲ್ಲಿ ಕಾವಲೂರು, ಕೆಜಿಎಫ್‌ನಿಂದ ನೂರು ಕಿಲೋಮೀಟರಿನ ಆಸುಪಾಸು. ಭಾರತೀಯ ಖಭೌತ ಸಂಸ್ಥೆಯ ವೈನು ಬಾಪು ವೀಕ್ಷಣಾಲಯ ಅಲ್ಲಿದೆ. 1977ರ ಮಾರ್ಚಿನಲ್ಲಿ ಯುರೇನಸ್ ಗ್ರಹ ನಕ್ಷತ್ರವೊಂದನ್ನು ಮರೆಮಾಡಿದಾಗ ಅದಕ್ಕೆ ಉಂಗುರಗಳಿವೆ ಎಂದು ಗೊತ್ತಾಯಿತು. ಆ ಘಟನೆಯನ್ನು ದಾಖಲಿಸಿದ ದೂರದರ್ಶಕಗಳಲ್ಲಿ ಕಾವಲೂರಿನ ಒಂದು ಮೀಟರಿನದೂ ಒಂದು. 2.3 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕ ಶುರುವಾದದ್ದು 1986ರಲ್ಲಿ.

ತಾಯಿ: ಸಾಮಾನ್ಯ ಜನರಿಗೆ ಬಿಡುತ್ತಾರೆಯೇ?

ಮೇಷ್ಟ್ರು: ಸಾರ್ವಜನಿಕರಿಗೆ ಶನಿವಾರ. ಮೊದಲೇ ಫೋನು ಮಾಡಿ ಖಚಿತಪಡಿಸಿಕೊಳ್ಳಬೇಕು. ಸಂಜೆ ಸಣ್ಣ ದೂರದರ್ಶಕದಲ್ಲಿ ತೋರಿಸುವುದು ಆಕಾಶ ತಿಳಿಯಾಗಿದ್ದರೆ ಮಾತ್ರ. ಮಕ್ಕಳಿಗೆ ಸ್ವೆಟರು ಬೇಕು, ಟಾರ್ಚಿಗೆ ಕೆಂಪು ಕಾಗದ ಸುತ್ತಿರಬೇಕು. ಮುಂಗಾರು, ಹಿಂಗಾರು ಎರಡಕ್ಕೂ ಸಿಕ್ಕಿಕೊಂಡ ಬೆಟ್ಟ ಅದು, ಜೂನಿನಿಂದ ಡಿಸೆಂಬರಿನವರೆಗೆ ಮೋಡದ ಕಾಟ ಜಾಸ್ತಿ. ಜನವರಿಯಿಂದ ಮೇ ಒಳಗಿನ ಶನಿವಾರವೊಂದನ್ನು, ಅಮಾವಾಸ್ಯೆಗೆ ಹತ್ತಿರವಾದದ್ದನ್ನು, ಗುರುತು ಹಾಕಿಕೊಳ್ಳಿ.